ಒಂದು ಅಕ್ಷರ ಬಿಟ್ಟುಹೋದ ಆಂಪ್ಲಿಫೈಯರ್

ಕಳೆದ ಮಂಗಳವಾರ ಸುಮಾರು ಇಪ್ಪತ್ತು ನಿಮಿಷ ನಾನು ಜಗತ್ತಿನ ಅತ್ಯುತ್ತಮ ಮಾಸ್ತರನಾಗಿದ್ದೆ.

ಶಿಗ್ಗಾಂವಿ ಕಡೆಯ ಸಣ್ಣದೊಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಅನಲಾಗ್ ಐಸಿ ಡಿಸೈನ್ ಕಲಿಸುತ್ತೇನೆ. ಉಗುರಿಗಿಂತ ಸಣ್ಣ ಚಿಪ್‌ನೊಳಗೆ ಸರ್ಕ್ಯೂಟ್ ಕೂರಿಸುವ ವಿದ್ಯೆ. (ನಾನು ರೇಡಿಯೊ ರಿಪೇರಿ ಕಲಿಸುತ್ತೇನೆಂದೇ ನಮ್ಮಪ್ಪ ನಂಬಿದ್ದಾರೆ.)

ಅವತ್ತು ಲ್ಯಾಬಿನಲ್ಲಿ ಆಂಪ್ಲಿಫೈಯರ್ ಡಿಸೈನ್. ಸಣ್ಣ ಸಿಗ್ನಲ್ಲನ್ನು ಐವತ್ತು ಪಟ್ಟು ದೊಡ್ಡದು ಮಾಡಬೇಕು. ಎಲ್ಲ ಕಂಪ್ಯೂಟರಿನಲ್ಲೇ. ಒಬ್ಬರದೂ ಹತ್ತು ದಾಟುತ್ತಿಲ್ಲ. ಆಗ ಹತ್ತಿಮತ್ತೂರಿನ ಶಿವಲೀಲಾ ಎದ್ದು ನಿಂತಳು.

“ಸರ್ರ, ನಂದು ನಲವತ್ತು ಸಾವಿರ ಬಂದೈತ್ರಿ!”

ಅನುಮಾನ ಬರಬೇಕಿತ್ತು. ಬಂತೇ? ಇಲ್ಲ. ಎಷ್ಟು ಚೆನ್ನಾಗಿ ಕಲಿಸಿದ್ದೇನೆ ಅಂದುಕೊಂಡೆ! ಸ್ಕ್ರೀನಿನ ಫೋಟೊ ತೆಗೆದು ಸ್ಟಾಫ್ ಗ್ರೂಪಿಗೆ ಹಾಕಿದೆ. ಪ್ರಿನ್ಸಿಪಾಲರಿಂದ ತಕ್ಷಣ ಉತ್ತರ: ‘ನೋಡಲು ಬರುತ್ತಿದ್ದೇನೆ.’

ಎಲ್ಲರನ್ನೂ ಅವಳ ಕಂಪ್ಯೂಟರಿನ ಸುತ್ತ ನಿಲ್ಲಿಸಿ ಭಾಷಣ ಶುರು ಮಾಡಿದೆ. ದುಂಡಸಿಯ ಮಾರುತಿ (ಇಡೀ ಸೆಮಿಸ್ಟರ್ ಬಾಯಿ ಬಿಡದವನು) ಸ್ಕ್ರೀನಿಗೆ ಮೂಗು ತಾಗಿಸಿ ಕೇಳಿದ:

“ಸರ್ರ, ಇಲ್ಲಿ ಟ್ರಾನ್ಸಿಸ್ಟರ್ ಅಗಲ ಬರೇ ಹತ್ತು ಅಂತ ಐತಿ. ಹತ್ತು ಏನ್ರಿ?”

ಹತ್ತು ಮೈಕ್ರಾನ್, ಅಂದರೆ ಕೂದಲೆಳೆಗಿಂತ ಸಣ್ಣದು, ಎನ್ನಲು ಬಾಯಿ ತೆರೆದೆ. ಹಾಗೆಯೇ ನಾನೂ ಸ್ಕ್ರೀನಿಗೆ ಬಗ್ಗಿದೆ. ಮೈಕ್ರಾನ್ ಆಗಬೇಕಾದರೆ ಅಂಕಿಯ ಪಕ್ಕ ‘ಯು’ ಅಕ್ಷರ ಇರಬೇಕು. ಇರಲಿಲ್ಲ. ಅದಿಲ್ಲದಿದ್ದರೆ ಆ ಸಾಫ್ಟ್‌ವೇರ್‌ಗೆ ಹತ್ತು ಎಂದರೆ ಹತ್ತು ಮೀಟರ್! ನಲವತ್ತು ಸಾವಿರ ಹುಟ್ಟಿದ್ದು ಆ ಅಗಲದಿಂದಲೇ.

“ಅಯ್ಯ ಶಿವನ, ನಮ್ಮ ಪಡಸಾಲಿಗಿಂತ ದೊಡ್ಡದಾತಲ್ರಿ!” ಶಿವಲೀಲಾ ಬಾಯಿಗೆ ಕೈ ಅಡ್ಡ ಹಿಡಿದಳು.

“ಟ್ರ್ಯಾಕ್ಟರ್‌ನ್ಯಾಗ ಹೇರ್ಕೊಂಡು ಬರಬೇಕಾಗತೈತಿ,” ಎಂದ ಮಾರುತಿ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದೇಬಿಟ್ಟರು. ಅವರು ಓದಿದ್ದು ಸಿವಿಲ್. ಸುಮ್ಮನಿದ್ದುಬಿಡಲೇ? ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಶಿವಲೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ತಪ್ಪಾಗೈತ್ರಿ ಸರ್,” ಎಂದೆ. “ಸರಿಯಾಗಿ ನೋಡಲಾರ್ದ ಹೊಗಳಿದಾಂವ ನಾನ. ಈ ಟ್ರಾನ್ಸಿಸ್ಟರ್ ಹತ್ತು ಮೀಟರ್ ಅಗಲ ಐತ್ರಿ.”

ಅವರು ಗಂಭೀರವಾಗಿ ಕೇಳಿದರು: “ಹತ್ತು ಮೀಟರ್? ಹಂಗಾರ ಪಾಯಾ ಎಷ್ಟು ಆಳ ತೆಗಿಬೇಕ್ರಿ?”

ಲ್ಯಾಬು ನಕ್ಕ ನಗೆಗೆ ಪಕ್ಕದ ಕ್ಲಾಸಿನವರು ಬಂದು ಇಣುಕಿದರು. ಶಿವಲೀಲಾ ‘ಯು’ ಸೇರಿಸಿದಳು. ಸಾವಿರ ಮಾಯವಾಗಿ ಬರೀ ನಲವತ್ತು ಉಳಿಯಿತು. “ಇನ್ನ ಹತ್ತು ಬೇಕಲ್ರಿ,” ಎನ್ನುತ್ತ ಅವಳು ಮತ್ತೆ ಲೆಕ್ಕಕ್ಕೆ ಕುಳಿತಳು.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಬೋರ್ಡಿನ ಮೇಲೆ ಏನು ಬರೆದರೂ ಮಾರುತಿ, “ಇದರ ಯುನಿಟ್ ಏನ್ರಿ?” ಎನ್ನುತ್ತಾನೆ. ಈಗ ಉಳಿದವರೂ ಅದೇ ಚಾಳಿ ಹಿಡಿದಿದ್ದಾರೆ.

ಎಂಟು ವರ್ಷ ‘ಡೌಟ್ ಇದ್ದರೆ ಕೇಳಿ’ ಎಂದು ಬೇಡಿಕೊಂಡೆ. ಅವರು ಕೇಳಲು ಶುರುಮಾಡಬೇಕಾದರೆ ಮಾಸ್ತರನೇ ಎಡವಿ ಬೀಳಬೇಕಿತ್ತೇ?