ಕೈ ಎತ್ತದ ರೊಟ್ಟಿಯಕ್ಕ

ಬೇಕರಿಯ ಒಡತಿಗೆ ಊರೆಲ್ಲ ರೊಟ್ಟಿಯಕ್ಕ ಎಂದೇ ಹೆಸರು. ಬಾಯಿ ಜೋರು, ಕೈ ಇನ್ನೂ ಜೋರು. ಹಿಟ್ಟು ನಾದಿ ನಾದಿ ತೋಳು ಪೈಲ್ವಾನನದಾಗಿತ್ತು. ಬಿಸಿ ತಟ್ಟೆ ತಗುಲಿದ ಗುರುತುಗಳು ಮೊಣಕೈವರೆಗೂ ಇದ್ದವು. ಚರ್ಚಿನಲ್ಲಿ ಕ್ರಿಸ್ತನ ನೆನಪಿಗೆ ಹಂಚುವ ಪ್ರಭು ಭೋಜನದ ರೊಟ್ಟಿಯನ್ನು ಇಪ್ಪತ್ತೆಂಟು ವರ್ಷದಿಂದ ಅವಳೇ ಸುಟ್ಟು ಕೊಡುತ್ತಿದ್ದಳು. ಭಾನುವಾರ ಅದರದೊಂದು ತುಂಡು ತನ್ನ ಅಂಗೈಗೆ ಬಂದಾಗ ಮಾತ್ರ ಆ ಬಾಯಿ ಮುಚ್ಚುತ್ತಿತ್ತು. ಆ ತುಂಡಿಗಾಗಿಯೇ ವಾರವಿಡೀ ಬದುಕುತ್ತಿದ್ದ ಜೀವ ಅದು.

ಅದಕ್ಕೂ ಕಲ್ಲು ಬಿತ್ತು. ಚರ್ಚ್ ಸಭೆಯ ಹಿರಿಯರೊಬ್ಬರು, ಮರದ ವ್ಯಾಪಾರಿ, ಒಂದು ಭಾನುವಾರ ಎದ್ದು ನಿಂತು, "ಇನ್ಮೇಲೆ ಈ ಸಭೇಲಿ ನನ್ನ ಮಾತೇ ಕೊನೆ. ಒಪ್ಪಿದೋರು ಕೈ ಎತ್ತಿ" ಎಂದರು. ಚರ್ಚಿಗೆ ಚಾವಣಿ ಹಾಕಿಸಿಕೊಟ್ಟವರಲ್ಲವೇ, ಎಲ್ಲರ ಕೈಯೂ ಮೇಲೇರಿತು. ರೊಟ್ಟಿಯಕ್ಕನ ಕೈ ಮಡಿಲು ಬಿಟ್ಟು ಅಲ್ಲಾಡಲಿಲ್ಲ.

"ಹಾಗಾದ್ರೆ ತಪ್ಪಾಯ್ತು ಅನ್ನೋವರೆಗೂ ನಿನಗೆ ಪ್ರಭು ಭೋಜನ ಇಲ್ಲ" ಎಂದುಬಿಟ್ಟರು ಹಿರಿಯರು. ಪಾದ್ರಿ, ಪಾಪ, ನೆಲ ನೋಡಿದರು.

ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡ. "ಅಲ್ಲ ಕಣೇ, ಒಂದ್ಸಲ ಕೈ ಎತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ರೀ, ಸಭೆಗೆ ತಲೆ ಕ್ರಿಸ್ತ ಒಬ್ಬನೇ. ಅದರ ಮೇಲೆ ಇನ್ನೊಂದು ತಲೆ ಕೂರಿಸೋಕೆ ನಾನ್ಯಾಕೆ ಕೈ ಎತ್ತಲಿ?" ಎಂದವಳು ಒಲೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕು ಭಾನುವಾರ ರೊಟ್ಟಿ ಕೊಟ್ಟು, ಹಿಂದಿನ ಬೆಂಚಿನಲ್ಲಿ ಬರಿಗೈಯಲ್ಲಿ ಕೂತಳು. ಐದನೆಯ ಭಾನುವಾರ ಪಾದ್ರಿ ರೊಟ್ಟಿಯನ್ನು ಕೈಗೆತ್ತಿಕೊಂಡದ್ದೇ ತಡ, ಎದ್ದು ಎಲ್ಲರಿಗಿಂತ ಮೊದಲು ಹೋಗಿ ಮೇಜಿನ ಮುಂದೆ ನಿಂತಳು. ಹಿಂದೆ ಸಾಲು ಕಟ್ಟಲು ಬಂದವರು ಅಲ್ಲಲ್ಲೇ ನಿಂತರು.

"ಕೊಡ್ಬೇಡಿ!" ಹಿರಿಯರು ಗುಡುಗಿದರು. ಪಾದ್ರಿಯ ಕೈ ಅರ್ಧಕ್ಕೇ ನಿಂತಿತು.

"ಅಯ್ಯನವರೇ, ರೊಟ್ಟಿ ಸುಟ್ಟೋಳು ನಾನು. ಆದ್ರೆ ಈ ಮೇಜು ನಂದಲ್ಲ, ಅವರದೂ ಅಲ್ಲ. ಯಾರದು, ನೀವೇ ಹೇಳಿ."

"ಕ್ರಿಸ್ತನದು" ಎಂದರು ಪಾದ್ರಿ.

"ನನಗೆ ಬೇಡ ಅಂತ ಅವನು ಹೇಳಿದ್ನಾ?"

ಪಾದ್ರಿ ತಲೆ ಎತ್ತಿದರು. "ಇಲ್ಲಮ್ಮ, ಹೇಳಿಲ್ಲ. ಇದನ್ನ ನಾನು ಅವತ್ತೇ ಹೇಳ್ಬೇಕಿತ್ತು. ತಪ್ಪು ನನ್ನದು." ರೊಟ್ಟಿ ಮುರಿದು ಅವಳ ಅಂಗೈ ಮೇಲಿಟ್ಟರು.

ಅಬ್ಬಾ, ಆ ತುಂಡನ್ನು ಬಾಯಿಗಿಟ್ಟಾಗ ಅವಳಿಗಾದ ಸಂತೋಷ! ಹಿಂದಿದ್ದ ಟೈಲರ್ ಅಜ್ಜ, "ಅವತ್ತು ಎತ್ತಿದ ಕೈ ಇವತ್ತು ಇಳಿಸ್ತಿದ್ದೀನಿ, ಎಲ್ರೂ ಕೇಳಿಸ್ಕೊಳ್ಳಿ!" ಎಂದು ಕೂಗಿದ. ನಾನೂ, ನಾನೂ ಎಂದು ಜನ ನುಗ್ಗಿ ಬಂದರು. ನಗು, ಅಳು, ಹಾಡು ಎಲ್ಲ ಒಟ್ಟಿಗೇ ಎದ್ದಿತು.

ಹಿರಿಯರು ಒಬ್ಬರೇ ಉಳಿದರು. ರೊಟ್ಟಿಯಕ್ಕ ಅವರ ಬಳಿಗೇ ಹೋಗಿ, "ಬನ್ನಿ ಅಣ್ಣಾ, ಅವನು ನಿಮಗೂ ಬೇಡ ಅಂದಿಲ್ಲ" ಎಂದಳು.

ಅವರು ಮೆಲ್ಲಗೆ ಬಂದು, ಸಾಲಿನ ಕೊನೆಯಲ್ಲಿ ನಿಂತು, ಕೈ ಒಡ್ಡಿದರು.