ವಿಂಧ್ಯಾ ಅಳಿಸಿದ ಉಬ್ಬು

ಬೋಡಕ್‌ದೇವ್‌ನ ನಮ್ಮ ಫ್ಲಾಟಿನ ಒಂದು ಕೋಣೆಯಲ್ಲಿ ವಿಂಧ್ಯಾ ಬಾಡಿಗೆಗಿದ್ದಳು. ಅರಸೀಕೆರೆಯ ಹುಡುಗಿ, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಯಜಮಾನರ ಬ್ಯಾಂಕಿನ ವರ್ಗಾವಣೆಯಿಂದ ಅಹಮದಾಬಾದಿಗೆ ಬಂದು ಬಿದ್ದ ನನಗೆ ಕನ್ನಡದಲ್ಲಿ ಜಗಳ ಆಡೋಕೆ ಸಿಕ್ಕಿದ್ದು ಅವಳೊಬ್ಬಳೇ. ಹಟ ಅಂದ್ರೆ ಹಟ, ಉಡದ ಪಟ್ಟು!

ಅವಳ ಸಂಶೋಧನೆ ನನಗೆ ಅರ್ಥವಾಗಿದ್ದು ಇಷ್ಟು. ಉದ್ದಿನ ವಡೆ ಆಕಾರದ ಟೊಳ್ಳು ಉಕ್ಕಿನ ಪಾತ್ರೆ. ಒಳಗೆ ಗ್ಯಾಸ್ ತುಂಬಿ ವಿಪರೀತ ಕಾಯಿಸಿದರೆ ಪ್ಲಾಸ್ಮಾ ಆಗುತ್ತೆ. ಸುತ್ತ ಅಯಸ್ಕಾಂತ ಎಷ್ಟೇ ಬಿಗಿಹಿಡಿದರೂ ಅದು ಕದಡಿ ಕದಡಿ ಶಾಖ ಸೋರಿಸಿಬಿಡುತ್ತೆ. ಸೂರ್ಯನ ಹಾಗೆ ಶಕ್ತಿ ತೆಗೀಬೇಕು ಅಂದರೆ ಮೊದಲು ಆ ಕದಡು ಏನು ಅಂತ ತಿಳೀಬೇಕು. ಇವಳು ಅಂಚಿನಲ್ಲಿ ಸೂಜಿಯಂಥ ತಂತಿ ಇಳಿಸಿ ಕದಡು ಅಳೆಯೋಳು, ಅದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟೋಳು, ಅದಕ್ಕೆ ಸಿಮ್ಯುಲೇಶನ್ ಅಂತಾರಂತೆ. 2003ರಲ್ಲಿ ಅಳತೆಯ ಗ್ರಾಫು, ಲೆಕ್ಕದ ಗ್ರಾಫು ಎರಡರಲ್ಲೂ ಒಂದೇ ಜಾಗದಲ್ಲಿ ಉಬ್ಬು ಬಂತು. ಗೈಡ್ ಸೀತಾರಾಮ್ ಸರ್ ಹಿರಿಹಿರಿ ಹಿಗ್ಗಿದರು. ಪಿಎಚ್‌ಡಿ ಆದಕೂಡಲೇ ಬನ್ನಿ ಅಂತ ವಡೋದರಾದ ಮಕರಪುರದ ಕಂಪನಿಯೊಂದು ಕೆಲಸವನ್ನೂ ಕಾದಿರಿಸಿತ್ತು.

ಪ್ರಬಂಧ ಒಪ್ಪಿಸೋ ಮುಂಚಿನ ವಾರ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಗ್ಯಾಸ್ ಹಾಕದೆ, ಅಯಸ್ಕಾಂತಕ್ಕಷ್ಟೇ ಕರೆಂಟ್ ಕೊಟ್ಟು ಒಮ್ಮೆ ಅಳೆಯೋದು ಅವಳ ಲ್ಯಾಬಿನ ಪದ್ಧತಿ. ಖಾಲಿ ಪಾತ್ರೆಯಲ್ಲಿ ಏನಿರುತ್ತೆ ಮಹಾ ಅಂತ ಆಗೆಲ್ಲ ಸಣ್ಣ ಸಂಕೇತವನ್ನ ದೊಡ್ಡದು ಮಾಡಿ ತೋರಿಸೋ ಆಂಪ್ಲಿಫೈಯರ್ ತಗ್ಗಿಸಿಬಿಡುತ್ತಿದ್ದರು. ಈ ಸಲ ಇವಳು ತಗ್ಗಿಸಿರಲಿಲ್ಲ. ಖಾಲಿ ಪಾತ್ರೆಯಲ್ಲೂ ಉಬ್ಬು ಅಲ್ಲೇ ಇತ್ತು!

"ಅದು ಪ್ಲಾಸ್ಮಾದ್ದಲ್ಲ ಆಂಟಿ, ಅಯಸ್ಕಾಂತದ ಕರೆಂಟು ನಮ್ಮ ಕೇಬಲ್ಲಿಗೆ ನುಗ್ಗಿ ಮಾಡೋ ಗಲಾಟೆ."

"ಕಂಪ್ಯೂಟರಿನಲ್ಲೂ ಬಂದಿತ್ತಲ್ಲೇ?"

"ಉಬ್ಬು ಬರೋವರೆಗೂ ನಾನೇ ಲೆಕ್ಕ ತಿದ್ದಿದ್ದೆ."

ಅಯ್ಯೋ ಶಿವನೇ! ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ ಕಣೇ, ಸುಮ್ಮನೆ ಒಪ್ಪಿಸಿಬಿಡು ಅಂದೆ. ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳೋರು.

"ಸ್ಟೌ ಹಚ್ಚದೆ ಹಾಲು ಉಕ್ಕಿತು ಅಂದ್ರೆ ನೀವು ನಂಬ್ತೀರಾ?" ಅಂತ ನನ್ನ ಮೇಲೇ ಎಗರಿದಳು.

ಮರುದಿನ ಸೀತಾರಾಮ್ ಸರ್‌ಗೆ ಹೇಳಿದಳು. ಅವರು ಕೆಂಡಾಮಂಡಲ. ಆಮೇಲೆ ಅಳತೆ ನೋಡಿ ತಲೆ ಮೇಲೆ ಕೈ ಹೊತ್ತು ಕೂತರಂತೆ. ಕಂಪನಿ ಕಾಯಲಿಲ್ಲ, ಕೆಲಸ ಬೇರೆಯವರ ಪಾಲಾಯಿತು. ಅವಳಮ್ಮ ಫೋನಿನಲ್ಲಿ ಗೋಳೋ ಅಂದರು. ಇವಳು ಮಾತ್ರ ಕೇಬಲ್ಲುಗಳನ್ನೆಲ್ಲ ಬಿಚ್ಚಿ, ಬೇರೆ ದಾರಿಯಲ್ಲಿ ಎಳೆದು, ಮೊದಲಿನಿಂದ ಅಳೆಯೋಕೆ ಕೂತಳು. ವರ್ಷ ಹಿಡಿಯಿತು. ಅವಳ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ವೈವಾಕ್ಕೆ ನಾನೂ ಹೋಗಿ ಹಿಂದಿನ ಸಾಲಲ್ಲಿ ಕೂತೆ. ಪರದೆ ಮೇಲೆ ಎರಡು ಗ್ರಾಫು, ಹೊಸ ಅಳತೆಯದೊಂದು, ಲೆಕ್ಕದ್ದೊಂದು. ಒಂದು ಏರುವ ಕಡೆ ಇನ್ನೊಂದು ಇಳಿಯುತ್ತೆ, ತಾಳ ಇಲ್ಲ, ಮೇಳ ಇಲ್ಲ. ಪರೀಕ್ಷಕರು ಕನ್ನಡಕ ತೆಗೆದು, "ಹಾಗಾದರೆ ನೀವು ಕಂಡುಹಿಡಿದದ್ದಾದರೂ ಏನಮ್ಮ?" ಅಂದರು.

"ನನ್ನ ಸಿಮ್ಯುಲೇಶನ್ ತಪ್ಪು ಅಂತ, ಸರ್. ಎಲ್ಲಿ ತಪ್ಪು, ಎಷ್ಟು ತಪ್ಪು ಅಂತಾನೂ ಅಳೆದಿದ್ದೀನಿ."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, "ತೋರಿಸಿ" ಅಂದರು.

ಮಧ್ಯಾಹ್ನ ಹೊರಗೆ ಬಂದಾಗ ಅವಳು ಡಾಕ್ಟರ್ ವಿಂಧ್ಯಾ. ನಾನು ಅಷ್ಟು ಜನರ ಮುಂದೆ ಅತ್ತುಬಿಟ್ಟೆ.