ಆದ್ರೆ ಮೇಡಂ

ಆ ಸಿನಿಮಾ ಕಂಪನಿಯ ಮೂರನೇ ಮಹಡಿಯಲ್ಲಿ, ಲಿಫ್ಟಿನ ಮೋಟಾರು ಸದಾ ಗುರುಗುಟ್ಟುವ ಗೋಡೆಯ ಪಕ್ಕ ಒಂದು ಮೇಜಿದೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೂತವಳಿಗೆ ಎಲ್ಲರೂ ಇಟ್ಟಿರುವ ಹೆಸರು ‘ಆದ್ರೆ ಮೇಡಂ’. ಸಿನಿಮಾ ಆಗಲಿ ಎಂದು ಜನ ಬರೆದು ಕಳಿಸುವ ಒಂದೊಂದು ಪುಟದ ಕಥೆಯ ಎಳೆಗಳನ್ನು ಓದಿ ಅಭಿಪ್ರಾಯ ಹೇಳುವುದು ಅವಳ ಕೆಲಸ. ಮೊದಲು ಚೆನ್ನಾಗಿರುವುದನ್ನು ಹೇಳುತ್ತಾಳೆ, ಬರೆದವರ ಮುಖ ಅರಳುತ್ತದೆ. ಆಮೇಲೆ ಕನ್ನಡಕ ತೆಗೆದು ‘ಆದ್ರೆ...’ ಎಂದು ರಾಗ ಎಳೆಯುತ್ತಾಳೆ. ಆ ರಾಗಕ್ಕೆ ಬೆವರಿದವರು ಬೇಕಾದಷ್ಟು ಜನ, ಅದರಿಂದ ಹಾಳಾದವರು ಮಾತ್ರ ಯಾರೂ ಇಲ್ಲ. ಕಥೆ ಎಲ್ಲಿ ಕುಂಟುತ್ತಿದೆ ಎಂದು ತೋರಿಸಿ, ಮನೆಗೆ ಹೋಗಿ ಯೋಚಿಸಲು ಒಂದು ಪ್ರಶ್ನೆ ಕೊಟ್ಟು ಕಳಿಸುತ್ತಾಳೆ. ಉತ್ತರ ತಾನಾಗಿ ಹೇಳುವುದಿಲ್ಲ. ಕಥೆ ಅವರದು, ಉತ್ತರವೂ ಅವರದೇ ಆಗಬೇಕು ಎಂಬುದು ಅವಳ ಹಟ.

ಇಂಥ ಒಳ್ಳೆಯವಳಿಗೆ ಒಂದು ರೋಗವಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ: ಹೊಟ್ಟೆಕಿಚ್ಚು. ಊರವರ ಮೇಲಲ್ಲ, ಒಡಹುಟ್ಟಿದ ತಂಗಿಯ ಮೇಲೆ. ತಂಗಿ ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಅವಳು ಬಾಯಿ ತೆರೆದರೆ ನೆಂಟರೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಿದ್ದರು. ಅಕ್ಕ ಬಾಯಿ ತೆರೆದರೆ ಯಾರಾದರೊಬ್ಬರು ‘ಸ್ವಲ್ಪ ಫ್ಯಾನ್ ಹಾಕಮ್ಮ’ ಎನ್ನುತ್ತಿದ್ದರು. ರೂಪ, ಕಂಠ, ಅಪ್ಪನ ಮುದ್ದು ಎಲ್ಲ ತಂಗಿಗೇ ಸಿಕ್ಕಿದ್ದರಿಂದ ಅಕ್ಕ ಕಥೆ ಕಟ್ಟುವುದೊಂದನ್ನಾದರೂ ತನ್ನದೆಂದು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಅವಳ ಸ್ವಂತದ ಮೂರು ಕಥೆಯೆಳೆಗಳಿದ್ದವು. ವರ್ಷಕ್ಕೊಮ್ಮೆ ಹೊರತೆಗೆದು, ತಿದ್ದಿ, ಮತ್ತೆ ಒಳಗಿಡುತ್ತಿದ್ದಳು. ನಿರ್ಮಾಪಕರ ಕೋಣೆ ಅವಳ ಮೇಜಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿತ್ತು.

ಒಂದು ಭಾನುವಾರ ತಂಗಿ ಮನೆಗೆ ಬಂದವಳು ಕೈಚೀಲದಿಂದ ಒಂದು ಹಾಳೆ ತೆಗೆದಳು.

“ನಗಬೇಡ ಅಕ್ಕ. ಅಂಗಡೀಲಿ ಗಿರಾಕಿ ಇಲ್ದಿದ್ದಾಗ ಗೀಚಿದ್ದು.”

ಅಕ್ಕ ನಗಲಿಲ್ಲ. ಬೇರೆಯವರ ಬದಲಿಗೆ ಕ್ಯೂ ನಿಲ್ಲುವುದನ್ನೇ ಕೆಲಸ ಮಾಡಿಕೊಂಡ ಒಬ್ಬನ ಕಥೆ. ಆಸ್ಪತ್ರೆ, ಕಚೇರಿ, ಎಲ್ಲೆಂದರಲ್ಲಿ ಅವನು ನಿಲ್ಲುತ್ತಾನೆ. ಸರದಿ ಹತ್ತಿರವಾದಾಗ ಕೆಲಸವಿದ್ದವರು ಬಂದು ಜಾಗ ತೆಗೆದುಕೊಳ್ಳುತ್ತಾರೆ. ಒಂದು ದಿನ ಯಾರಿಗಾಗಿ ನಿಂತಿದ್ದನೋ ಅವರು ಬರುವುದೇ ಇಲ್ಲ. ಬಾಗಿಲು ತೆರೆಯುತ್ತದೆ, ಇವನೇ ಒಳಗೆ ಹೋಗಿಬಿಡುತ್ತಾನೆ.

ಓದಿ ಮುಗಿಸುವಷ್ಟರಲ್ಲಿ ಅಕ್ಕನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗಿತ್ತು. ಇವಳಿಗೆ ಇದೂ ಬರಬೇಕಾ? ಬೀರುವಿನ ಮೂರನ್ನೂ ಸೇರಿಸಿ ತೂಗಿದರೂ ಈ ಒಂದು ಹಾಳೆಯ ಸಮಕ್ಕೆ ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿತ್ತು. ನಡುವೆ ಒಂದು ದೊಡ್ಡ ತೂತೂ ಇತ್ತು: ಆ ಮನುಷ್ಯನಿಗೆ ಸ್ವತಃ ಏನು ಬೇಕು ಎಂಬುದು ಎಲ್ಲೂ ಇರಲಿಲ್ಲ. ನಿರ್ಮಾಪಕರು ಕಥೆ ಕೇಳುವುದು ಶುಕ್ರವಾರ, ಬರೆದವರ ಬಾಯಿಂದಲೇ. ಅವರು ಮೊದಲು ಬೆರಳಿಡುವುದು ಅಂಥ ತೂತಿನ ಮೇಲೆಯೇ, ಒಮ್ಮೆ ಬೇಡ ಎಂದದ್ದನ್ನು ಮತ್ತೆ ಮುಟ್ಟುವವರೂ ಅಲ್ಲ. ಇದೆಲ್ಲ ಅಕ್ಕನಿಗೆ ಅಂಗೈ ಮೇಲಿನ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಮಾರನೇ ದಿನ ಹಾಳೆಯ ಕೆಳಗೆ ದುಂಡಗೆ ಬರೆದು ಕಳಿಸಿದಳು: ‘ಬಹಳ ಚೆನ್ನಾಗಿದೆ. ಏನೂ ಬದಲಿಸಬೇಡ. ಈ ಶುಕ್ರವಾರವೇ ಬಂದು ಹೇಳು.’

ಸುಳ್ಳೇನೂ ಬರೆದಿಲ್ಲವಲ್ಲ, ಎಂದು ಮೂರು ದಿನ ತನಗೆ ತಾನೇ ಹೇಳಿಕೊಂಡಳು.

ಗುರುವಾರ ಊಟದ ಹೊತ್ತಿಗೆ ತಂಗಿ ಕಚೇರಿಗೇ ಬಂದಳು. ಬಂದವರೆಲ್ಲ ಕೂರುವ ಕುರ್ಚಿಯಲ್ಲಿ ಕೂತು ಹಾಳೆಯನ್ನು ಮೇಜಿನ ಮೇಲಿಟ್ಟಳು.

“ಆದ್ರೆ ಎಲ್ಲಿ?”

“ಏನು ಆದ್ರೆ?”

“ಊರೋರಿಗೆಲ್ಲ ಹೇಳ್ತೀಯ. ನನ್ನ ಹಾಳೇಲಿ ಒಂದು ಗೆರೆ ಕೂಡ ಎಳೆದಿಲ್ಲ. ಓದ್ಲೇ ಇಲ್ವಾ?”

“ನಾಲ್ಕು ಸಲ ಓದಿದೆ.”

“ಮತ್ತೆ?”

ಬೇರೆ ಯಾರಾದರೂ ಆಗಿದ್ದರೆ ಏನಾದರೊಂದು ಹೇಳಿ ಸಾಗಹಾಕುತ್ತಿದ್ದಳು. ತಂಗಿ ಮಗುವಾಗಿದ್ದಾಗಿನಂತೆ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

“ಹೊಟ್ಟೆ ಉರೀತು ಕಣೇ,” ಎಂದುಬಿಟ್ಟಳು ಅಕ್ಕ. “ನಾಳೆ ಅವರ ಮುಂದೆ ನೀನು ಮುಗ್ಗರಿಸ್ಲಿ ಅಂತಾನೇ ಸುಮ್ನಿದ್ದೆ.”

ತಂಗಿ ಎದ್ದು ನಿಂತಳು, ಚೀಲ ಹೆಗಲಿಗೇರಿಸಿದಳು, ಬಾಗಿಲವರೆಗೂ ಹೋದಳು. ಏನನ್ನಿಸಿತೋ, ಹಿಂದಿರುಗಿ ಬಂದು ಮತ್ತೆ ಕೂತಳು.

“ನಿನ್ನ ಹೊಟ್ಟೆಉರಿ ವಿಚಾರ ಆಮೇಲೆ ನೋಡ್ಕೊಳ್ಳೋಣ. ನಿನ್ನ ಜೊತೆ ಜಗಳ ಇದ್ದೇ ಇದೆ. ನಾಳೆ ಹನ್ನೊಂದಕ್ಕೆ ನಾನು ಆ ರೂಮಲ್ಲಿರ್ಬೇಕು. ಬೇರೆಯವರಿಗೆ ಹೇಳೋ ಹಾಗೆ ಹೇಳು.”

ಅಕ್ಕ ಕನ್ನಡಕ ತೆಗೆದಳು. “ಕೆಲಸ ಹೊಸದು. ಮನುಷ್ಯ ಕಣ್ಣಿಗೆ ಕಟ್ತಾನೆ. ಒಳಗೆ ಹೋಗಿಬಿಡೋ ಜಾಗ ಅಂತೂ ನಂಗೆ ಜನ್ಮದಲ್ಲಿ ಹೊಳೀತಿರ್ಲಿಲ್ಲ. ಆದ್ರೆ ಅವನಿಗೆ ಏನೂ ಬೇಕಾಗಿಲ್ಲ. ಎಲ್ರಿಗೋಸ್ಕರ ನಿಲ್ತಾನೆ, ತನಗೋಸ್ಕರ ಒಂದು ಸಲಾನೂ ಯಾಕೆ ನಿಂತಿಲ್ಲ? ಅದನ್ನ ಯೋಚ್ನೆ ಮಾಡು.”

ತಂಗಿ ಪೆನ್ನು ಹಿಡಿದು ಯೋಚಿಸಿದಳು. ಆಮೇಲೆ ತಲೆಯೆತ್ತಿ ಮೇಜನ್ನು ನೋಡಿದಳು, ನಿರ್ಮಾಪಕರ ಬಾಗಿಲನ್ನು ನೋಡಿದಳು, ಅಕ್ಕನನ್ನು ನೋಡಿದಳು. ಆ ನೋಟದಲ್ಲಿ ಸೇಡಿರಲಿಲ್ಲ. ಸೇಡಿದ್ದಿದ್ದರೆ ಅಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು.

“ನಂಗೆ ಹೊಳೀತಿಲ್ಲ ಅಕ್ಕ. ನಿಂಗೆ ಗೊತ್ತಿರತ್ತೆ. ನಿಂಗೋಸ್ಕರ ನೀನ್ಯಾಕೆ ನಿಂತಿಲ್ಲ?”

ಗೋಡೆಯಾಚೆ ಲಿಫ್ಟು ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಅಕ್ಕ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದಳು.

“ಬೇರೆಯವರ ಕೆಲಸ ಆಗಲ್ಲ ಅಂದ್ರೆ, ಆ ನೋವು ಅವರದು,” ಎಂದಳು ನಿಧಾನವಾಗಿ. “ನಂದೇ ತಗೊಂಡ್ಹೋಗಿ, ಆ ಬಾಗಿಲಲ್ಲಿ ಬೇಡ ಅಂದ್ಬಿಟ್ರೆ? ಹೊರಗಡೆ ನಿಂತಿರೋ ತನಕ ಯಾರೂ ನನ್ನ ಬೇಡ ಅನ್ನಲ್ಲ.”

ತಂಗಿ ಬಗ್ಗಿ ಬರೆದುಕೊಳ್ಳತೊಡಗಿದಳು. “ಕೊನೇದು ಇನ್ನೊಂದ್ಸಲ ಹೇಳು.”

ಅಕ್ಕ ಹೇಳಿದಳು. ಹೇಳುತ್ತಿರುವಾಗಲೇ, ಇಷ್ಟು ವರ್ಷದಲ್ಲಿ ತನ್ನೊಳಗೆ ಹುಟ್ಟಿದ ನಿಜವಾದ ಮಾತು ಇದೊಂದೇ ಎಂದು ಅವಳಿಗೆ ಗೊತ್ತಾಯಿತು. ಅದೂ ತಂಗಿಯ ಹಾಳೆಯಲ್ಲಿ, ತಂಗಿಯ ಅಕ್ಷರದಲ್ಲಿ ಇಳಿಯುತ್ತಿತ್ತು.